ಕ್ಲಿಪ್ ಹಾಕುವ ಮುನ್ನ: ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಎಐ ಏನನ್ನು ನೋಡುತ್ತದೆ?

ಶಸ್ತ್ರಚಿಕಿತ್ಸೆಯಲ್ಲಿ ಕೃತಕ ಬುದ್ಧಿಮತ್ತೆ ಎಂಬ ಸುದ್ದಿಯ ಜೊತೆಗೆ ಅಚ್ಚಾಗುವುದು ಸಾಮಾನ್ಯವಾಗಿ ನಾಲ್ಕು ತೋಳಿನ ರೋಬೋಟಿನ ಚಿತ್ರ. ಆ ರೋಬೋಟಿಗೂ ಎಐಗೂ ಇರುವ ನಂಟು ಜನ ಅಂದುಕೊಂಡಷ್ಟು ಗಟ್ಟಿಯಲ್ಲ. 2000ದಲ್ಲಿ ಅಮೆರಿಕದ ಔಷಧ ಮತ್ತು ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದ ಡಾ ವಿಂಚಿ ಇರಲಿ, ಗುರುಗ್ರಾಮದಲ್ಲಿ ತಯಾರಾಗುವ ಎಸ್‌ಎಸ್‌ಐ ಮಂತ್ರ ಇರಲಿ, ಕನ್ಸೋಲಿನ ಮುಂದೆ ಕೂತ ಸರ್ಜನ್ ಕೈ ಆಡಿಸಿದಂತೆ ಅವುಗಳ ತೋಳು ಆಡುತ್ತದೆ. ಕೈನಡುಕವನ್ನು ಸೋಸುವುದು, ಕೈ ಮೂರು ಸೆಂಟಿಮೀಟರ್ ಸರಿದರೆ ಉಪಕರಣದ ತುದಿ ಒಂದೇ ಸೆಂಟಿಮೀಟರ್ ಸರಿಯುವಂತೆ ಮಾಡುವುದು ಬರೀ ಲೆಕ್ಕಾಚಾರ. ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನ ಪೂರ್ತಿ ಮನುಷ್ಯನದೇ.

ಎಐ ನಿಜವಾಗಿ ಕೆಲಸಕ್ಕೆ ಇಳಿದಿರುವುದು ಕೈಯ ಕಡೆಯಲ್ಲಿ ಅಷ್ಟಾಗಿ ಅಲ್ಲ, ಕಣ್ಣಿನ ಕಡೆಯಲ್ಲಿ. ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಸರ್ಜನ್ ನೋಡುವುದೆಲ್ಲ ಪರದೆಯ ಮೇಲಿನ ವಿಡಿಯೊ. ಆ ವಿಡಿಯೊವನ್ನು ಕಂಪ್ಯೂಟರೂ ಏಕಕಾಲಕ್ಕೆ ನೋಡಬಹುದು. ಅದು ನೋಡಿ ಏನು ಹೇಳಬಲ್ಲದು, ಹೇಳಿದ್ದನ್ನು ಎಷ್ಟು ನಂಬಬೇಕು ಎಂಬುದು ಇಲ್ಲಿಯ ವಿಷಯ. ಎಲ್ಲ ಬಗೆಯ ಶಸ್ತ್ರಚಿಕಿತ್ಸೆಗಳ ಮೇಲೆ ಹಾರಾಡುವ ಬದಲು ಒಂದನ್ನೇ ಹಿಡಿದುಕೊಳ್ಳೋಣ: ಕಲ್ಲು ತುಂಬಿದ ಪಿತ್ತಕೋಶವನ್ನು ತೆಗೆಯುವುದು. ಇದು ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲೂ ಆಗುವ ತೀರಾ ಸಾಮಾನ್ಯ ಶಸ್ತ್ರಚಿಕಿತ್ಸೆ. ಈ ಕ್ಷೇತ್ರದ ಎಐ ಸಂಶೋಧನೆ ಹೆಚ್ಚು ನಡೆದಿರುವುದೂ ಇದರ ಮೇಲೆಯೇ.

ಒಂದು ನಾಳ ಇನ್ನೊಂದರಂತೆ ಕಂಡಾಗ

ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದ ಮೊದಲಿಗರು ಜರ್ಮನಿಯ ಎರಿಕ್ ಮ್ಯೂಹೆ, ವರ್ಷ 1985. ಇಂದಿನ ರೂಢಿಯಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡನ್ನು 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ತುಂಬಿ, ನಾಲ್ಕು ಸಣ್ಣ ರಂಧ್ರ ಮಾಡುತ್ತಾರೆ. ಹೊಕ್ಕುಳಿನ ಬಳಿಯ ರಂಧ್ರದಿಂದ ಕ್ಯಾಮೆರಾ ಒಳಗೆ ಹೋಗುತ್ತದೆ, ಉಳಿದವು ಉಪಕರಣಗಳಿಗೆ. ಪಿತ್ತಕೋಶದ ಮೇಲ್ತುದಿಯನ್ನು ಹಿಡಿದು ಬಲಭುಜದ ದಿಕ್ಕಿಗೆ ಎತ್ತಿ, ಕತ್ತಿನ ಭಾಗವನ್ನು ರೋಗಿಯ ಬಲಕ್ಕೆ ಮತ್ತು ಕೆಳಕ್ಕೆ ಎಳೆದರೆ ಪಿತ್ತಕೋಶದ ಕತ್ತು, ಲಿವರ್ ಮತ್ತು ಪಿತ್ತನಾಳದ ನಡುವಿನ ಕ್ಯಾಲೋ ತ್ರಿಕೋನ ಅಗಲವಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಹುಡುಕುವುದು ಎರಡನ್ನು: ಪಿತ್ತಕೋಶದಿಂದ ಹೊರಡುವ ಸಿಸ್ಟಿಕ್ ನಾಳ, ಅದಕ್ಕೆ ರಕ್ತ ಕೊಡುವ ಸಿಸ್ಟಿಕ್ ಅಪಧಮನಿ. ಇವೆರಡಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಪಿತ್ತಕೋಶವನ್ನು ಲಿವರಿನಿಂದ ಬಿಡಿಸಿ, ಚೀಲಕ್ಕೆ ಹಾಕಿ ಹೊರತೆಗೆದರೆ ಮುಗಿಯಿತು. ಹೆಚ್ಚಿನ ರೋಗಿಗಳು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ.

ಎಡವಟ್ಟಾಗುವುದು ಸಿಸ್ಟಿಕ್ ನಾಳ ಎಂದುಕೊಂಡು ಮುಖ್ಯ ಪಿತ್ತನಾಳಕ್ಕೇ ಕ್ಲಿಪ್ ಹಾಕಿದಾಗ. ಮುಖ್ಯ ಪಿತ್ತನಾಳ ಲಿವರಿನಲ್ಲಿ ತಯಾರಾದ ಪಿತ್ತರಸವನ್ನೆಲ್ಲ ಸಣ್ಣ ಕರುಳಿಗೆ ಒಯ್ಯುವ ಹಾದಿ. ಅಗಲ ಸುಮಾರು ಆರು ಮಿಲಿಮೀಟರ್. ಪಿತ್ತಕೋಶದ ಮೇಲ್ತುದಿಯನ್ನು ಜೋರಾಗಿ ಮೇಲೆತ್ತಿ, ಕತ್ತನ್ನು ಬಲಕ್ಕೆ ಎಳೆಯದೆ ಬಿಟ್ಟರೆ ಸಿಸ್ಟಿಕ್ ನಾಳವೂ ಮುಖ್ಯ ನಾಳವೂ ಒಂದೇ ನೇರದಲ್ಲಿ ನಿಲ್ಲುತ್ತವೆ. ಎರಡು ಆಯಾಮದ ಪರದೆಯಲ್ಲಿ ಅವು ಒಂದೇ ಕೊಳವೆಯಂತೆ ಕಾಣುತ್ತವೆ. ಮೊದಲ ತಪ್ಪು ಇಲ್ಲಿ. ಅಲ್ಲಿಂದ ಮೇಲಕ್ಕೆ ಬಿಡಿಸುತ್ತ ಹೋದಾಗ ಅದೇ ನಾಳ ಇನ್ನೊಮ್ಮೆ, ಲಿವರಿಗೆ ಇನ್ನೂ ಹತ್ತಿರದಲ್ಲಿ ಕತ್ತರಿಸಿಹೋಗುತ್ತದೆ. ಪಕ್ಕದಲ್ಲಿರುವ, ಲಿವರಿಗೆ ರಕ್ತ ಒಯ್ಯುವ ಬಲ ಹೆಪಾಟಿಕ್ ಅಪಧಮನಿಗೂ ಗಾಯವಾಗುವುದುಂಟು. ಆಮೇಲೆ ಕರುಳಿನ ಕುಣಿಕೆಯೊಂದನ್ನು ಮೇಲಕ್ಕೆ ತಂದು ನಾಳದ ತುಂಡಿಗೆ ಹೊಲಿಯುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆ ಜೋಡಣೆ ವರ್ಷಗಳ ನಂತರವೂ ಕಿರಿದಾಗಿ ಕಾಮಾಲೆ, ಸೋಂಕು ತರಬಹುದು.

ತೆರೆದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಸಾವಿರಕ್ಕೆ ಒಂದೆರಡು ಇದ್ದ ಈ ಗಾಯ, ಲ್ಯಾಪರೋಸ್ಕೋಪಿ ಬಂದ ಮೇಲೆ ಸಾವಿರಕ್ಕೆ ಮೂರರಿಂದ ಐದಕ್ಕೆ ಏರಿತು. ಕಾರಣ ಹುಡುಕಿದ ಅಧ್ಯಯನಗಳಲ್ಲಿ 2003ರಲ್ಲಿ ಲಾರೆನ್ಸ್ ವೇ ಮತ್ತು ಸಂಗಡಿಗರು ಪ್ರಕಟಿಸಿದ್ದನ್ನು ಮರೆಯಬಾರದು. ಇಂಥ 252 ಗಾಯಗಳನ್ನು ಅವರು ಒಂದೊಂದಾಗಿ ಬಿಚ್ಚಿ ನೋಡಿದರು. ಶೇ 97ರಲ್ಲಿ ಮೂಲ ಕಾರಣ ದೃಷ್ಟಿಭ್ರಮೆ. ಕೈಚಳಕದ ಕೊರತೆ ಬರೀ ಶೇ 3ರಲ್ಲಿ. ಸರ್ಜನ್‌ಗಳ ಕೈ ಸರಿಯಾಗಿಯೇ ಕೆಲಸ ಮಾಡಿತ್ತು. ತಾವು ನೋಡುತ್ತಿರುವುದು ಸಿಸ್ಟಿಕ್ ನಾಳವೇ ಎಂದು ಅವರಿಗೆ ಸಂಶಯವೇ ಬಂದಿರಲಿಲ್ಲ. ಸಂಶಯ ಬರದಿದ್ದರೆ ಯಾರೂ ನಿಂತು ನೋಡುವುದಿಲ್ಲ. ಎಐಗೆ ಇಲ್ಲಿ ಕೆಲಸವಿದೆ ಎನ್ನಿಸುವುದು ಈ ಒಂದು ಅಂಕಿಯಿಂದ.

ಮೂರು ಷರತ್ತುಗಳು

ಯಂತ್ರಕ್ಕೆ ಮೊದಲು ಮನುಷ್ಯರೇ ಒಂದು ಉಪಾಯ ಮಾಡಿದ್ದರು. 1995ರಲ್ಲಿ ಅಮೆರಿಕದ ಸರ್ಜನ್ ಸ್ಟೀವನ್ ಸ್ಟ್ರಾಸ್‌ಬರ್ಗ್ 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ' ಎಂಬ ನಿಯಮ ಮುಂದಿಟ್ಟರು. ಆಪರೇಷನ್ ಥಿಯೇಟರುಗಳಲ್ಲಿ ಅದನ್ನು ಸಿವಿಎಸ್ ಎನ್ನುತ್ತಾರೆ. ಕ್ಲಿಪ್ ಹಾಕುವ ಮುನ್ನ ಮೂರು ಸಂಗತಿ ಕಣ್ಣಿಗೆ ಕಾಣಲೇಬೇಕು. ಮೊದಲನೆಯದು, ತ್ರಿಕೋನದಲ್ಲಿರುವ ಕೊಬ್ಬು ಮತ್ತು ನಾರನ್ನೆಲ್ಲ, ಹಲಸಿನ ತೊಳೆಯ ಸುತ್ತಲಿನ ಎಸಳು ಬಿಡಿಸಿದ ಹಾಗೆ, ಬಿಡಿಸಿರಬೇಕು. ಎರಡನೆಯದು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರಿನಿಂದ ಬೇರ್ಪಟ್ಟು ಅದರ ಹಿಂದಿನ ತಳ ಕಾಣಬೇಕು. ಮೂರನೆಯದು, ಪಿತ್ತಕೋಶಕ್ಕೆ ಎರಡು, ಎರಡೇ ಎರಡು ರಚನೆಗಳು ಸೇರುತ್ತಿರಬೇಕು. ಮುಖ್ಯ ಪಿತ್ತನಾಳವನ್ನು ಬಿಡಿಸಿ ನೋಡಬೇಕೆಂದು ಈ ನಿಯಮ ಕೇಳುವುದಿಲ್ಲ, ಕೇಳಬಾರದು ಕೂಡ. ಹಾಗೆ ಕೆದಕುವುದರಿಂದಲೇ ಗಾಯವಾಗಬಹುದು.

ಮೂರರಲ್ಲಿ ಹೆಚ್ಚಾಗಿ ಕೈತಪ್ಪುವುದು ಎರಡನೆಯದು. ಅದಕ್ಕೆ ಸಮಯ ಹಿಡಿಯುತ್ತದೆ, ಸ್ವಲ್ಪ ರಕ್ತ ಒಸರುತ್ತದೆ, ಅಷ್ಟರಲ್ಲಿ ಎರಡು ಕೊಳವೆ ಕಂಡುಬಿಟ್ಟಿರುತ್ತವೆ. ಆಪರೇಷನ್ ಟಿಪ್ಪಣಿಯಲ್ಲಿ 'ಸಿವಿಎಸ್ ಸಾಧಿಸಲಾಗಿದೆ' ಎಂದು ಬರೆದಿದ್ದರೂ ವಿಡಿಯೊ ತೆಗೆದು ನೋಡಿದರೆ ಮೂರೂ ಷರತ್ತು ಪೂರೈಸದಿರುವುದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಬರಹ ಒಂದು, ದೃಶ್ಯ ಇನ್ನೊಂದು. ಕಂಪ್ಯೂಟರಿಗೆ ಬರಹ ಬೇಕಿಲ್ಲ, ದೃಶ್ಯ ಸಾಕು.

ಕಲಿಸುವುದು ಹೇಗೆ

ಈ ಕೆಲಸದ ದೊಡ್ಡ ಕೇಂದ್ರ ಫ್ರಾನ್ಸಿನ ಸ್ಟ್ರಾಸ್ಬೂರ್ ನಗರ. ಅಲ್ಲಿಯ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 13 ಸರ್ಜನ್‌ಗಳು ಮಾಡಿದ 80 ಪಿತ್ತಕೋಶ ಶಸ್ತ್ರಚಿಕಿತ್ಸೆಗಳ ವಿಡಿಯೊಗಳನ್ನು ನಿಕೊಲಾ ಪದುವಾ ಅವರ ತಂಡ ಗುರುತು ಹಾಕಿ ಸಂಶೋಧಕರಿಗೆ ಮುಕ್ತವಾಗಿಟ್ಟಿತು. ಹೆಸರು 'ಕೋಲೆಕ್80'. ಇಡೀ ಶಸ್ತ್ರಚಿಕಿತ್ಸೆಯನ್ನು ಏಳು ಹಂತಗಳಾಗಿ ಒಡೆದು, ಪ್ರತಿ ಫ್ರೇಮು ಯಾವ ಹಂತಕ್ಕೆ ಸೇರಿದ್ದು, ಏಳು ಬಗೆಯ ಉಪಕರಣಗಳಲ್ಲಿ ಯಾವುದು ಕಾಣುತ್ತಿದೆ ಎಂದು ಬರೆದಿಟ್ಟರು. ಜಗತ್ತಿನ ಬಹುಪಾಲು ತಂಡಗಳು ಮೊದಲ ಪಾಠ ಕಲಿತದ್ದು ಈ 80 ವಿಡಿಯೊಗಳಿಂದ. ಒಂದೇ ಆಸ್ಪತ್ರೆಯ ಅಭ್ಯಾಸ ಇಡೀ ಕ್ಷೇತ್ರದ ಅಡಿಪಾಯವಾದದ್ದು ವರವೂ ಹೌದು, ತೊಡಕೂ ಹೌದು.

ಹಂತ ಗುರುತಿಸುವುದು ತುಸು ಸುಲಭದ ಲೆಕ್ಕ. ಬಿಸಿಯಿಂದ ಅಂಗಾಂಶ ಕತ್ತರಿಸುವ ಕೊಕ್ಕೆಯಾಕಾರದ ಕಾಟರಿ ಕಂಡರೆ ಬಿಡಿಸುವ ಹಂತ, ಕ್ಲಿಪ್ಪರ್ ಕಂಡರೆ ಕತ್ತರಿಸುವ ಹಂತ. ಕೊಕ್ಕೆ ಮಾತ್ರ ಎರಡು ಕಡೆ ಬರುತ್ತದೆ, ಕ್ಲಿಪ್ಪಿನ ಮುಂಚೆ ಮತ್ತು ಆಮೇಲೆ. ಒಂದೇ ಚಿತ್ರ ನೋಡಿದರೆ ಯಂತ್ರಕ್ಕೆ ಗೊಂದಲ. ಹಾಗಾಗಿ ಚಿತ್ರ ಓದುವ ನ್ಯೂರಲ್ ಜಾಲದ (ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ) ಮೇಲೆ, ಹಿಂದಿನ ನಿಮಿಷಗಳಲ್ಲಿ ಏನಾಯಿತು ಎಂದು ನೆನಪಿಟ್ಟುಕೊಳ್ಳುವ ಇನ್ನೊಂದು ಪದರ ಕೂರಿಸುತ್ತಾರೆ. ಇವು ಇಂದು ಅದೇ 80 ವಿಡಿಯೊಗಳ ಮೇಲೆ ಶೇ 90ರ ಆಸುಪಾಸು ಸರಿ ಹೇಳುತ್ತವೆ. ಇದರಿಂದ ರೋಗಿಗೆ ನೇರ ಲಾಭ ಕಡಿಮೆ. ಇನ್ನೆಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿಸಿ ಮುಂದಿನ ರೋಗಿಯನ್ನು ಸಿದ್ಧಪಡಿಸಲು, ತಾಸುಗಟ್ಟಲೆ ವಿಡಿಯೊದಲ್ಲಿ ಬೇಕಾದ ತುಣುಕಿಗೆ ನೇರ ಜಿಗಿಯಲು ಬರುತ್ತದೆ. ಅದೇ ಫ್ರೆಂಚ್ ತಂಡ ಸಿಸ್ಟಿಕ್ ನಾಳ ಕತ್ತರಿಸಿದ ಕ್ಷಣವನ್ನು ತಾನಾಗಿ ಪತ್ತೆಮಾಡಿ, ಅದರ ಆಸುಪಾಸಿನ ಎರಡೂವರೆ ನಿಮಿಷವನ್ನು ದಾಖಲೆಯಾಗಿ ಕತ್ತರಿಸಿಡುವ ಸಾಧನವನ್ನೂ ಮಾಡಿತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ತಕ್ಷಣ ಉಪಯೋಗಕ್ಕೆ ಬರುವ, ಅಪಾಯ ಕಡಿಮೆ ಇರುವ ಕೆಲಸ ಇದೇ. ಕೆಟ್ಟರೂ ಕೆಡುವುದು ಒಂದು ವಿಡಿಯೊ ತುಣುಕು ಮಾತ್ರ.

ಸಿವಿಎಸ್ ಗುರುತಿಸುವುದು ಬೇರೆಯೇ ಕಷ್ಟ. ಅಲ್ಲಿ ಉಪಕರಣದ ಹೊಳಪು ಸಹಾಯಕ್ಕೆ ಬರುವುದಿಲ್ಲ. ಹಳದಿ ಕೊಬ್ಬು, ಗುಲಾಬಿ ನಾರು, ಬಿಳಿಚಿದ ನಾಳಗಳ ನಡುವಿನ ಗೆರೆಗಳನ್ನು ಓದಬೇಕು. ಸ್ಟ್ರಾಸ್ಬೂರಿನಲ್ಲೇ ರೂಪುಗೊಂಡ 'ಡೀಪ್‌ಸಿವಿಎಸ್' ಇದನ್ನು ಎರಡು ಮೆಟ್ಟಿಲಲ್ಲಿ ಮಾಡುತ್ತದೆ. ಮೊದಲ ಜಾಲ ಚಿತ್ರದ ಪ್ರತಿ ಬಿಂದುವಿಗೂ ಹೆಸರು ಕೊಡುತ್ತದೆ: ಇದು ಪಿತ್ತಕೋಶ, ಇದು ಸಿಸ್ಟಿಕ್ ನಾಳ, ಇದು ಅಪಧಮನಿ, ಇದು ಉಪಕರಣ. ಈ ಬಣ್ಣ ತುಂಬಿದ ನಕ್ಷೆಯನ್ನೂ ಮೂಲ ಚಿತ್ರವನ್ನೂ ಒಟ್ಟಿಗೆ ಎರಡನೇ ಜಾಲಕ್ಕೆ ಕೊಟ್ಟರೆ ಅದು ಮೂರು ಷರತ್ತುಗಳಿಗೆ ಪ್ರತ್ಯೇಕವಾಗಿ 'ಆಗಿದೆ' ಅಥವಾ 'ಆಗಿಲ್ಲ' ಎನ್ನುತ್ತದೆ. 201 ವಿಡಿಯೊಗಳಿಂದ ತೆಗೆದ 2854 ಚಿತ್ರಗಳ ಮೇಲೆ ಅದರ ಸರಾಸರಿ ನಿಖರತೆ ಶೇ 72ರ ಹತ್ತಿರ ಬಂತು.

ಶೇ 72 ಎಂದರೆ ಕಡಿಮೆಯಾಯಿತಲ್ಲ ಎನಿಸಬಹುದು. ಉತ್ತರದ ಒಂದು ಭಾಗ ಯಂತ್ರದಲ್ಲಿಲ್ಲ, ಕಲಿಸಿದವರಲ್ಲಿದೆ. ಒಂದೇ ಚಿತ್ರವನ್ನು ಮೂವರು ಅನುಭವಿ ಸರ್ಜನ್‌ಗಳ ಮುಂದಿಟ್ಟರೆ ಕೊಬ್ಬು ಸಾಕಷ್ಟು ಬಿಡಿಸಿದೆಯೇ ಎಂಬ ಪ್ರಶ್ನೆಗೆ ಮೂವರೂ ಒಂದೇ ಉತ್ತರ ಕೊಡುವುದಿಲ್ಲ. 'ಸಾಕಷ್ಟು' ಎಷ್ಟು ಎಂದು ಯಾವ ನಿಯಮದಲ್ಲೂ ಮಿಲಿಮೀಟರಿನಲ್ಲಿ ಬರೆದಿಲ್ಲ. ಕಲಿಸುವವರ ಭಿನ್ನಾಭಿಪ್ರಾಯ ಯಂತ್ರಕ್ಕೆ ಮೇಲ್ಮಿತಿಯಾಗಿ ನಿಲ್ಲುತ್ತದೆ. ಗುರುವಿಗೇ ಸ್ಪಷ್ಟವಿಲ್ಲದ್ದನ್ನು ಶಿಷ್ಯ ಸ್ಪಷ್ಟವಾಗಿ ಕಲಿಯಲಾರ. ಇದನ್ನು ಮೀರಲು ಅಮೆರಿಕದ ಸರ್ಜನ್‌ಗಳ ಸಂಘವಾದ ಸೇಜಸ್ 1000 ವಿಡಿಯೊಗಳನ್ನು ಕಲೆಹಾಕಿ, ಹಲವು ತಜ್ಞರಿಂದ ಗುರುತು ಹಾಕಿಸಿ, 2024ರಲ್ಲಿ ಸ್ಪರ್ಧೆ ನಡೆಸಿತು. ಪ್ರತಿ ಚಿತ್ರಕ್ಕೂ ಒಂದೇ ಉತ್ತರ ಎನ್ನುವ ಬದಲು, ತಜ್ಞರಲ್ಲಿ ಎಷ್ಟು ಮಂದಿ ಒಪ್ಪಿದರು ಎಂಬುದನ್ನೂ ಕಲಿಸುವ ದಾರಿ ಇಂಥ ಸಂಗ್ರಹಗಳಿಂದ ತೆರೆಯುತ್ತದೆ.

94 ಮತ್ತು 53

ಇನ್ನೊಂದು ಬಗೆಯ ಸಾಧನ ಪರದೆಯ ಮೇಲೆಯೇ ಬಣ್ಣ ಹಚ್ಚುತ್ತದೆ: ಇಲ್ಲಿ ಕೆಲಸ ಮಾಡಬಹುದು ಎಂಬಲ್ಲಿ ಹಸಿರು, ಇತ್ತ ಬರಬೇಡಿ ಎಂಬಲ್ಲಿ ಕೆಂಪು. ಕೆನಡಾದ ಅಮೀನ್ ಮದನಿ ಮತ್ತು ಸಂಗಡಿಗರ 'ಗೋನೋಗೋನೆಟ್' ಇದರಲ್ಲಿ ಹೆಸರಾದದ್ದು. ಇವರು ಸ್ಟ್ರಾಸ್ಬೂರಿನ ತೊಡಕನ್ನು ತಪ್ಪಿಸಲು 37 ದೇಶಗಳ 136 ಸಂಸ್ಥೆಗಳಿಂದ 290 ವಿಡಿಯೊ ತಂದರು. ಫಲಿತಾಂಶದಲ್ಲಿ ಎರಡು ಬಗೆಯ ಅಂಕಿಗಳಿವೆ. ಹಸಿರು ವಲಯದ ನಿಖರತೆ 0.94. ಅದೇ ಹಸಿರು ವಲಯಕ್ಕೆ 'ಐಒಯು' ಎಂಬ ಇನ್ನೊಂದು ಅಳತೆಯಲ್ಲಿ ಬಂದದ್ದು 0.53. ಕೆಂಪು ವಲಯಕ್ಕೆ ಕ್ರಮವಾಗಿ 0.95 ಮತ್ತು 0.71.

ಒಂದೇ ಯಂತ್ರ, ಒಂದೇ ಚಿತ್ರಗಳು. ಇಷ್ಟು ಅಂತರ ಏಕೆ? ನಿಖರತೆ ಲೆಕ್ಕ ಹಾಕುವಾಗ ಚಿತ್ರದ ಎಲ್ಲ ಬಿಂದುಗಳೂ ಎಣಿಕೆಗೆ ಬರುತ್ತವೆ. ಹಸಿರು ವಲಯ ಇಡೀ ಚಿತ್ರದ ಶೇ 8ರಷ್ಟಿದೆ ಎಂದುಕೊಳ್ಳಿ. ಏನನ್ನೂ ಕಲಿಯದ ಯಂತ್ರವೊಂದು ಇಡೀ ಪರದೆಯನ್ನು ಖಾಲಿ ಬಿಟ್ಟರೂ ಶೇ 92 ಸರಿ! ಐಒಯು ಆ ಖಾಲಿ ಜಾಗವನ್ನು ಎಣಿಸುವುದೇ ಇಲ್ಲ. ತಜ್ಞ ಗುರುತಿಸಿದ ವಲಯ ಒಂದು, ಯಂತ್ರ ಗುರುತಿಸಿದ್ದು ಇನ್ನೊಂದು. ಎರಡೂ ಒಪ್ಪುವ ಜಾಗವನ್ನು, ಎರಡರಲ್ಲಿ ಒಂದಾದರೂ ಆವರಿಸಿರುವ ಒಟ್ಟು ಜಾಗದಿಂದ ಭಾಗಿಸಿದರೆ ಸಿಗುವುದು ಐಒಯು. 0.53 ಎಂದರೆ ಸುಮಾರು ಅರ್ಧದಷ್ಟು ಹೊಂದಾಣಿಕೆ. ಆಸ್ಪತ್ರೆಗೆ ಇಂಥ ತಂತ್ರಾಂಶ ಮಾರಲು ಬಂದವರು 'ಶೇ 94 ನಿಖರ' ಎಂದರೆ ಐಒಯು ಎಷ್ಟು ಎಂದು ಕೇಳಬೇಕು. ಅದಕ್ಕೆ ಉತ್ತರ ಬರದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಕೆಂಪಿಗಿಂತ ಹಸಿರಿಗೆ ಕಡಿಮೆ ಅಂಕ ಬಂದದ್ದು ಆಶ್ಚರ್ಯವಲ್ಲ. ಅಪಾಯದ ಜಾಗ ಎಲ್ಲಿ ಎಂಬುದನ್ನು ಲಿವರಿನ ಮೇಲಿರುವ ರೂವಿಯರ್ ಸೀಳಿನಂಥ ಅಲುಗದ ಗುರುತುಗಳು ಹೇಳುತ್ತವೆ. ಆ ಸೀಳಿನಿಂದ ಲಿವರಿನ ನಾಲ್ಕನೇ ವಿಭಾಗದ (ಸೆಗ್ಮೆಂಟ್ 4) ಬುಡಕ್ಕೆ ಎಳೆದ ಗೆರೆಯ ಮೇಲ್ಗಡೆಯೇ ಕೆಲಸ ಮಾಡಬೇಕು ಎಂಬುದು ಸರ್ಜನ್‌ಗಳ ರೂಢಿ. ಸುರಕ್ಷಿತ ಜಾಗದ ಅಂಚು ಹಾಗಲ್ಲ. ಬಿಡಿಸಿದಂತೆಲ್ಲ ಅದು ಸರಿಯುತ್ತದೆ. ಜಪಾನಿನ ಓಯಿತಾ ವಿಶ್ವವಿದ್ಯಾಲಯದ ತಂಡ ವಲಯದ ಗೊಡವೆಗೆ ಹೋಗದೆ ರೂವಿಯರ್ ಸೀಳು, ಲಿವರಿನ ಅಂಚು, ಸಿಸ್ಟಿಕ್ ನಾಳ, ಮುಖ್ಯ ನಾಳ ಎಂಬ ನಾಲ್ಕು ಗುರುತುಗಳನ್ನಷ್ಟೇ ತೋರಿಸುವ ದಾರಿ ಹಿಡಿಯಿತು. ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಳ್ಳುವ ಕೆಲಸ ಸರ್ಜನ್‌ಗೇ ಉಳಿಯುತ್ತದೆ. ಇದು ಹೆಚ್ಚು ವಿನಯದ ವಿನ್ಯಾಸ ಎನ್ನಿಸುತ್ತದೆ.

ಥಿಯೇಟರಿನಲ್ಲಿ ಕೈಕೊಡುವುದು ಎಲ್ಲಿ

ಮೊದಲ ಶತ್ರು ಹೊಗೆ. ಕಾಟರಿ ತಾಗಿದೊಡನೆ ಏಳುವ ಹೊಗೆಯಲ್ಲಿ ಮನುಷ್ಯ ಎರಡು ಸೆಕೆಂಡು ಕಾಯುತ್ತಾನೆ. ಯಂತ್ರ ಕಾಯದೆ ಆ ಮಂಜಿನಲ್ಲೂ ಬಣ್ಣ ಹಚ್ಚುತ್ತದೆ. ಲೆನ್ಸಿಗೆ ಹತ್ತಿದ ರಕ್ತದ ಹನಿ, ಹೊಟ್ಟೆಯ ಬಿಸಿಗೆ ಮಬ್ಬಾದ ಗಾಜು, ಲಿವರಿನ ಮೇಲಿನ ಬೆಳಕಿನ ಪ್ರತಿಫಲನ ಇವೂ ಹಾಗೆಯೇ. ಒಳ್ಳೆಯ ವ್ಯವಸ್ಥೆಗೆ 'ಈಗ ಕಾಣುತ್ತಿಲ್ಲ' ಎಂದು ಸುಮ್ಮನಾಗುವುದನ್ನೂ ಕಲಿಸಿರಬೇಕು.

ಎರಡನೆಯದು ವಿಳಂಬ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿಗೆ ಸಿಗುವುದು 40 ಮಿಲಿಸೆಕೆಂಡು. ಸೆರೆ ಹಿಡಿದು, ಕುಗ್ಗಿಸಿ, ಜಾಲದೊಳಗೆ ಹಾಯಿಸಿ, ಬಣ್ಣ ಹಚ್ಚಿ ಪರದೆಗೆ ಹಾಕುವಷ್ಟರಲ್ಲಿ ಅಂಗಾಂಶ ಅಲ್ಲಿಂದ ಸರಿದಿದ್ದರೆ ಹಸಿರು ಬಣ್ಣ ತಪ್ಪು ಜಾಗದ ಮೇಲೆ ಕೂತಿರುತ್ತದೆ. ಉಸಿರಾಟಕ್ಕೆ ಲಿವರೇ ಮೇಲೆ ಕೆಳಗೆ ಆಡುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಈ ಕಾರಣಕ್ಕೆ ಮುಖ್ಯ ಪರದೆಯನ್ನು ಮುಟ್ಟದೆ, ಪಕ್ಕದಲ್ಲಿ ಇನ್ನೊಂದು ಪರದೆ ಇಟ್ಟು ಅಲ್ಲಿ ಮಾತ್ರ ಬಣ್ಣ ತೋರಿಸುವುದು ಸುರಕ್ಷಿತ.

ಮೂರನೆಯದು ನಮ್ಮ ಕಡೆಗೆ ಹೆಚ್ಚು ಸಂಬಂಧಿಸಿದ್ದು. ಯುರೋಪಿನ ವಿಡಿಯೊಗಳಲ್ಲಿ ಪಿತ್ತಕೋಶವನ್ನು ಹಾಕುವುದು ಕಂಪನಿ ತಯಾರಿಸಿದ ಪ್ಲಾಸ್ಟಿಕ್ ಚೀಲಕ್ಕೆ; ಇಲ್ಲಿ ಎಷ್ಟೋ ಕಡೆ ಶುದ್ಧೀಕರಿಸಿದ ಕೈಗವಸನ್ನೇ ಚೀಲ ಮಾಡಿಕೊಳ್ಳುತ್ತಾರೆ. ಅಲ್ಲಿ ಲೋಹದ ಕ್ಲಿಪ್, ಇಲ್ಲಿ ಕೆಲವೊಮ್ಮೆ ಪಾಲಿಮರ್ ಕ್ಲಿಪ್, ಕೆಲವೊಮ್ಮೆ ದಾರದ ಗಂಟು. ಚೀಲದ ಬಣ್ಣ ನೋಡಿ ಹಂತ ಕಲಿತ ಯಂತ್ರಕ್ಕೆ ಕೈಗವಸಿನ ಬೆರಳು ಏನೆಂದು ತಿಳಿಯುವುದು ಹೇಗೆ? ಇದಾದರೂ ಸಣ್ಣ ವಿಷಯ. ದೊಡ್ಡದು ರೋಗದ ಹಂತ. ಸಂಗ್ರಹಗಳಲ್ಲಿರುವುದು ಹೆಚ್ಚಾಗಿ ಮೊದಲೇ ದಿನ ಗೊತ್ತುಮಾಡಿ ನಡೆಸಿದ, ಉರಿಯೂತ ಕಡಿಮೆಯಿದ್ದ ಶಸ್ತ್ರಚಿಕಿತ್ಸೆಗಳು. ಹಲವು ಸಲ ನೋವು ಬಂದು ಹೋಗಿ, ಪಿತ್ತಕೋಶ ಕುಗ್ಗಿ, ಕತ್ತಿನ ಭಾಗ ಮುಖ್ಯ ನಾಳಕ್ಕೆ ಅಂಟಿಕೊಂಡ ಸ್ಥಿತಿಯಲ್ಲಿ ತ್ರಿಕೋನವೇ ಉಳಿದಿರುವುದಿಲ್ಲ. ಗಾಯವಾಗುವ ಸಾಧ್ಯತೆ ಹೆಚ್ಚಿರುವುದು ಅಲ್ಲಿ, ಯಂತ್ರ ಕಡಿಮೆ ನೋಡಿರುವುದೂ ಅದನ್ನೇ. ಬಲಭಾಗದ ಪಿತ್ತನಾಳದ ಕವಲೊಂದು ಕೆಳಗಿಳಿದು ಸಿಸ್ಟಿಕ್ ನಾಳಕ್ಕೆ ಸೇರುವುದು, ಬಲ ಹೆಪಾಟಿಕ್ ಅಪಧಮನಿ ಗೂನುಬೆನ್ನಿನಂತೆ ಬಾಗಿ ಪಿತ್ತಕೋಶದ ಪಕ್ಕಕ್ಕೆ ಬರುವುದು ಇಂಥ ಅಪರೂಪದ ರಚನೆಗಳ ಕಥೆಯೂ ಅಷ್ಟೆ. ಸುಲಭದ ಕೇಸಿನಲ್ಲಿ ಯಂತ್ರ ಚೆನ್ನಾಗಿ ಹೇಳುತ್ತದೆ, ಆದರೆ ಅಲ್ಲಿ ಅದರ ಅಗತ್ಯ ಅಷ್ಟಾಗಿ ಇಲ್ಲ.

ಸಾವಿರಕ್ಕೆ ನಾಲ್ಕು ಎಂಬ ತೊಡಕು

ಗಾಯ ಆಗಲಿದೆ ಎಂದು ಮೊದಲೇ ಎಚ್ಚರಿಸುವ ಸಾಧನ ಮಾಡಿದರಾಯಿತಲ್ಲ ಎಂದು ಎಂಜಿನಿಯರುಗಳು ಕೇಳುವುದುಂಟು. ಲೆಕ್ಕ ಹಾಕಿ ನೋಡೋಣ. ಸಾವಿರ ಶಸ್ತ್ರಚಿಕಿತ್ಸೆಯಲ್ಲಿ ನಾಲ್ಕು ಗಾಯ. ನಮ್ಮ ಕಾಲ್ಪನಿಕ ಸಾಧನ ನಾಲ್ಕರಲ್ಲಿ ಮೂರನ್ನು ಹಿಡಿಯುತ್ತದೆ, ಉಳಿದ 996ರಲ್ಲಿ ಶೇ 5ಕ್ಕೆ ಮಾತ್ರ ಸುಳ್ಳು ಎಚ್ಚರಿಕೆ ಕೊಡುತ್ತದೆ ಎನ್ನಿ. ಕೇಳಲು ಸೊಗಸು. ಆದರೆ ಗಂಟೆ ಬಾರಿಸುವುದು 53 ಸಲ, ನಿಜವಾದದ್ದು ಮೂರು. ಹದಿನೆಂಟು ಸಲಕ್ಕೆ ಒಮ್ಮೆ ನಿಜ ಹೇಳುವ ಗಂಟೆಯನ್ನು ಥಿಯೇಟರಿನಲ್ಲಿ ಯಾರಾದರೂ ಬೇಗನೆ ಆಫ್ ಮಾಡುತ್ತಾರೆ.

ಸಿವಿಎಸ್ ಪರಿಶೀಲನೆ ಈ ಬಲೆಗೆ ಬೀಳುವುದಿಲ್ಲ. ಅದು ಭವಿಷ್ಯ ಹೇಳಲು ಹೋಗದೆ, ಪ್ರತಿಯೊಂದು ಶಸ್ತ್ರಚಿಕಿತ್ಸೆಯಲ್ಲೂ ಇರಲೇಬೇಕಾದ ಒಂದು ಸಂಗತಿ ಈಗ ಇದೆಯೇ ಎಂದಷ್ಟೇ ಕೇಳುತ್ತದೆ. ಕ್ಲಿಪ್ಪರ್ ಒಳಗೆ ಬಂದದ್ದು ಕಂಡೊಡನೆ 'ಎರಡನೇ ಷರತ್ತು ಪೂರೈಸಿದಂತೆ ಕಾಣುತ್ತಿಲ್ಲ' ಎಂಬ ಒಂದು ಸಾಲು. ಸರ್ಜನ್ ನಿಲ್ಲುತ್ತಾರೆ, ಕ್ಯಾಮೆರಾ ತಿರುಗಿಸಿ ಹಿಂಬದಿಯಿಂದಲೂ ನೋಡುತ್ತಾರೆ. ಸೇಜಸ್ ಸಂಘ ಬೋಧಿಸುವ ಸುರಕ್ಷಾ ಕ್ರಮಗಳಲ್ಲಿ ಕ್ಲಿಪ್ಪಿಗೆ ಮುಂಚಿನ ಈ ನಿಲುಗಡೆ ಆಗಲೇ ಇದೆ, ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ವೇ ಅವರ ಶೇ 97ಕ್ಕೆ ಇದು ನೇರ ಮದ್ದು: ಸಂಶಯವೇ ಬರದವರಲ್ಲಿ ಸಂಶಯ ಹುಟ್ಟಿಸುವುದು.

ತಿರುಗುಬಾಣವೂ ಇದೆ. ಯಂತ್ರ ಮೂರಕ್ಕೂ 'ಆಗಿದೆ' ಎಂದುಬಿಟ್ಟರೆ ಸರ್ಜನ್‌ರ ಭ್ರಮೆಗೆ ಸರ್ಕಾರಿ ಮೊಹರು ಬಿದ್ದಂತೆ. ಹಾಗಾಗಿ ಇಂಥ ಸಾಧನ 'ಆಗಿಲ್ಲ' ಎಂದು ಹೇಳುವ ಅಧಿಕಾರ ಹೊಂದಿರಬೇಕೇ ಹೊರತು 'ಕತ್ತರಿಸಿ' ಎಂದು ಹೇಳುವ ಅಧಿಕಾರವನ್ನಲ್ಲ. ಹಸಿರು ಬಣ್ಣವನ್ನು ನಾನು ಅಷ್ಟಾಗಿ ಮೆಚ್ಚದಿರುವುದು ಇದಕ್ಕೇ.

ಇಷ್ಟೆಲ್ಲ ಆದ ಮೇಲೂ, ಎಐ ಬಳಸಿದರೆ ಗಾಯ ಕಡಿಮೆಯಾಗುತ್ತದೆ ಎಂದು ಸಾಬೀತು ಮಾಡಲು ಎಷ್ಟು ರೋಗಿಗಳು ಬೇಕು? ಸಾವಿರಕ್ಕೆ ನಾಲ್ಕು ಇದ್ದದ್ದು ಎರಡಕ್ಕೆ ಇಳಿಯುತ್ತದೆ ಎಂದು ತೋರಿಸಲು, ಸಂಖ್ಯಾಶಾಸ್ತ್ರದ ಮಾಮೂಲಿ ಮಾನದಂಡಗಳಲ್ಲಿ, ಪ್ರತಿ ಗುಂಪಿಗೆ ಸುಮಾರು 11,700 ಮಂದಿ ಬೇಕಾಗುತ್ತಾರೆ; ಎರಡೂ ಗುಂಪು ಸೇರಿ 23,000ಕ್ಕೂ ಮೇಲೆ. ಆದ್ದರಿಂದಲೇ ಅಧ್ಯಯನಗಳು ಗಾಯವನ್ನು ಎಣಿಸುವ ಬದಲು ಸಿವಿಎಸ್ ಎಷ್ಟು ಸಲ ಸಾಧಿಸಲಾಯಿತು ಎಂಬುದನ್ನು ಎಣಿಸುತ್ತವೆ. ಅದು ಪರೋಕ್ಷ ಅಳತೆ. ಸುದ್ದಿಯಲ್ಲಿ 'ಎಐಯಿಂದ ಸುರಕ್ಷತೆ ಹೆಚ್ಚಳ' ಎಂದು ಓದಿದಾಗ ಯಾವುದನ್ನು ಅಳೆದಿದ್ದಾರೆ ಎಂದು ಹುಡುಕಬೇಕು.

ಎಐ ಇಲ್ಲದೆಯೂ ನಾಳ ತೋರಿಸುವ ದಾರಿಯೊಂದಿದೆ ಎಂಬುದನ್ನೂ ಹೇಳಬೇಕು. ಐಸಿಜಿ ಎಂಬ ಹಸಿರು ಬಣ್ಣದ್ರವ್ಯವನ್ನು, ರೂಢಿಯಲ್ಲಿ 2.5 ಮಿಲಿಗ್ರಾಂ, ಶಸ್ತ್ರಚಿಕಿತ್ಸೆಗೆ ಕನಿಷ್ಠ ಮುಕ್ಕಾಲು ಗಂಟೆ ಮೊದಲು ರಕ್ತನಾಳಕ್ಕೆ ಕೊಟ್ಟರೆ ಲಿವರ್ ಅದನ್ನು ಪಿತ್ತರಸದಲ್ಲಿ ಹೊರಹಾಕುತ್ತದೆ. ಅವಕೆಂಪು ಕ್ಯಾಮೆರಾದಲ್ಲಿ ನಾಳಗಳು ಹೊಳೆಯುತ್ತವೆ. ತಡವಾಗಿ ಕೊಟ್ಟರೆ ಲಿವರೇ ಪ್ರಜ್ವಲಿಸಿ ನಾಳವನ್ನು ಮುಚ್ಚಿಹಾಕುತ್ತದೆ. ಕೆಲವರು ಹಲವು ಗಂಟೆ ಮೊದಲೇ ಕೊಡುವುದು ಅದಕ್ಕೆ. ದಪ್ಪ ಕೊಬ್ಬು, ಉರಿಯೂತದ ಕೆಳಗಿನ ನಾಳ ಇದಕ್ಕೂ ಕಾಣದು. ಅಯೋಡಿನ್ ಅಲರ್ಜಿ ಇದ್ದವರಲ್ಲಿ ಎಚ್ಚರ ಬೇಕು. ಯಂತ್ರದ ಊಹೆಗಿಂತ ಇದು ಒಂದು ರೀತಿಯಲ್ಲಿ ಮೇಲು, ಏಕೆಂದರೆ ಹೊಳೆಯುವುದು ಈ ರೋಗಿಯದೇ ಪಿತ್ತರಸ.

ಯಂತ್ರದ ಕೈಗೆ ಕತ್ತರಿ

ಹಾಗಾದರೆ ತಾನೇ ಕತ್ತರಿಸುವ ರೋಬೋಟ್ ಬರೀ ಕಲ್ಪನೆಯೇ? ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಆಕ್ಸೆಲ್ ಕ್ರೀಗರ್ ತಂಡದ 'ಸ್ಟಾರ್' ರೋಬೋಟ್ ಜೀವಂತ ಹಂದಿಗಳ ಕರುಳಿನ ಎರಡು ತುದಿಗಳನ್ನು ಲ್ಯಾಪರೋಸ್ಕೋಪಿಯಲ್ಲಿ ಹೊಲಿದ ವರದಿ 2022ರಲ್ಲಿ ಬಂತು. 2025ರ ಜುಲೈನಲ್ಲಿ ಅದೇ ಪ್ರಯೋಗಾಲಯದಿಂದ 'ಎಸ್‌ಆರ್‌ಟಿ-ಎಚ್' ಎಂಬುದರ ವರದಿ ಬಂತು. ಇದರ ವಿಷಯ ನಮ್ಮ ಪಿತ್ತಕೋಶವೇ. ಸರ್ಜನ್‌ಗಳು ಮಾಡಿದ್ದನ್ನು ವಿಡಿಯೊದಲ್ಲಿ ನೋಡಿ ಅನುಕರಿಸಲು ಕಲಿತ ಈ ವ್ಯವಸ್ಥೆ ನಾಳ ಮತ್ತು ಅಪಧಮನಿಗೆ ಕ್ಲಿಪ್ ಹಾಕಿ ಕತ್ತರಿಸುವ 17 ಕೆಲಸಗಳನ್ನು ಎಂಟು ಪಿತ್ತಕೋಶಗಳ ಮೇಲೆ ಮನುಷ್ಯರ ಕೈ ತಾಗದೆ ಮುಗಿಸಿತು. ಮೇಲಿನ ಜಾಲ 'ಎಡಗೈಯನ್ನು ತುಸು ಎಡಕ್ಕೆ' ಎಂಬಂಥ ವಾಕ್ಯದಲ್ಲಿ ಆದೇಶ ಕೊಡುತ್ತದೆ, ಕೆಳಗಿನದು ಅದನ್ನು ಚಲನೆಯಾಗಿ ಮಾಡುತ್ತದೆ. ಹಿಡಿತ ತಪ್ಪಿದರೆ ತಾನೇ ಸರಿಪಡಿಸಿಕೊಂಡಿತು. ಸರ್ಜನ್‌ಗಿಂತ ನಿಧಾನ, ಆದರೆ ಎಂಟಕ್ಕೆ ಎಂಟು.

ಬೆರಗಿನ ಕೆಲಸ ಹೌದು. ಆದರೆ ಅವು ಸತ್ತ ಹಂದಿಯಿಂದ ಹೊರತೆಗೆದ ಅಂಗಗಳು. ಅಲ್ಲಿ ರಕ್ತ ಚಿಮ್ಮುವುದಿಲ್ಲ, ಉಸಿರಿಗೆ ಲಿವರ್ ಆಡುವುದಿಲ್ಲ. ನಾಳ ಮತ್ತು ಅಪಧಮನಿಯನ್ನು ಬಿಡಿಸಿ ತೋರಿಸುವ ಕಷ್ಟದ ಭಾಗ ಆ 17ರಲ್ಲಿ ಇರಲಿಲ್ಲ. ರೋಬೋಟ್ ಶುರು ಮಾಡಿದ್ದು ಸಿವಿಎಸ್ ಮುಗಿದ ಜಾಗದಿಂದ. ಈ ಲೇಖನದುದ್ದಕ್ಕೂ ಚರ್ಚಿಸಿದ ಪ್ರಶ್ನೆಗೆ ಅದು ಇನ್ನೂ ಬಂದಿಲ್ಲ.

ರೋಗಿ ಕೇಳಬಹುದಾದದ್ದು

ಭಾರತದಲ್ಲಿ ಇಂಥ ತಂತ್ರಾಂಶವೂ ವೈದ್ಯಕೀಯ ಸಾಧನದ ವ್ಯಾಖ್ಯೆಗೆ ಬರುತ್ತದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ಆರೋಗ್ಯ ಕ್ಷೇತ್ರದ ಎಐ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ನೈತಿಕ ಮಾರ್ಗಸೂಚಿಗಳನ್ನು ಹೊರಡಿಸಿದೆ. ಶಸ್ತ್ರಚಿಕಿತ್ಸೆಯ ವಿಡಿಯೊ ಯಂತ್ರಕ್ಕೆ ಕಲಿಸಲು ಬಳಕೆಯಾಗುವುದಾದರೆ ರೋಗಿಯ ಒಪ್ಪಿಗೆ ಬೇಕು. ಹೊಟ್ಟೆಯೊಳಗಿನ ದೃಶ್ಯದಲ್ಲಿ ಗುರುತು ಸಿಗುವುದಿಲ್ಲ ಎಂದುಕೊಂಡರೂ, ಕ್ಯಾಮೆರಾ ಹೊರಗೆ ತೆಗೆದಾಗ ಸೆರೆಯಾಗುವ ಮುಖಗಳು, ಪರದೆಯ ಮೂಲೆಯಲ್ಲಿ ಅಚ್ಚಾಗುವ ಹೆಸರು ಮತ್ತು ಆಸ್ಪತ್ರೆ ಸಂಖ್ಯೆ ಇದ್ದೇ ಇರುತ್ತವೆ. ಹೊರಗಿನ ದೃಶ್ಯ ಬಂದೊಡನೆ ತಾನಾಗಿ ಮಸುಕು ಮಾಡುವುದೂ ಈಗ ಎಐ ಮಾಡುವ ಸಣ್ಣ, ಉಪಯುಕ್ತ ಕೆಲಸಗಳಲ್ಲಿ ಒಂದು.

ಪಿತ್ತಕೋಶ ತೆಗೆಸಿಕೊಳ್ಳಲಿರುವವರು ಆಸ್ಪತ್ರೆಯಲ್ಲಿ ಎಐ ಇದೆಯೇ ಎಂದು ಕೇಳುವುದಕ್ಕಿಂತ ಬೇರೆ ಎರಡು ಪ್ರಶ್ನೆ ಕೇಳುವುದು ಲಾಭದಾಯಕ. ಕ್ಲಿಪ್ ಹಾಕುವ ಮುನ್ನದ ದೃಶ್ಯವನ್ನು ಫೋಟೊ ಅಥವಾ ವಿಡಿಯೊ ಆಗಿ ಉಳಿಸುತ್ತೀರಾ? ಸಿವಿಎಸ್ ಸಿಗದಿದ್ದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ ಒಳ್ಳೆಯ ಉತ್ತರಗಳು ಹಲವಿವೆ: ಇನ್ನೊಬ್ಬ ಸರ್ಜನ್‌ರನ್ನು ಕರೆಯುತ್ತೇವೆ, ನಾಳಕ್ಕೆ ಔಷಧಿ ಹಾಕಿ ಎಕ್ಸ್‌ರೇ ತೆಗೆಯುತ್ತೇವೆ, ಪಿತ್ತಕೋಶದ ಒಂದು ಭಾಗವನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ತೆಗೆಯುತ್ತೇವೆ, ಹೊಟ್ಟೆ ತೆರೆಯುತ್ತೇವೆ. 'ನಮಗೆ ಯಾವತ್ತೂ ಸಿಗುತ್ತದೆ' ಎಂಬ ಉತ್ತರ ಬಂದರೆ ಇನ್ನೊಂದು ಆಸ್ಪತ್ರೆಯಲ್ಲೂ ವಿಚಾರಿಸಿ.